ಹೆಡರ್ ಕೊಳ್ಳುವ ಮೊದಲು ವಯರಿಂಗ್ ಕಡೆ ನೋಡಿ
(ನಮ್ಮ ಬಳಗದ ಮಾತುಕತೆಯಲ್ಲಿ ಆಡಿದ ಮಾತಿನ ಬರಹರೂಪ)



ನಾನು ಮಾತುಗಾರ ಅಲ್ಲ. ಸರ್ಕಾರಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ ಬಂದವನು. ಈಗ ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ಗಾಡಿಗಳ ವಯರಿಂಗ್ ನೋಡ್ಕೋತೀನಿ. ಸೂಪರ್‌ಚಾರ್ಜರ್ ಗಾಡಿಗೆ ಎಕ್ಸಾಸ್ಟ್ ಹೆಡರ್ ಆರಿಸೋದು ಹೇಗೆ ಅಂತ ಮಾತಾಡು ಅಂದರು. ಪೈಪಿನ ವಿಷಯಕ್ಕೆ ಎಲೆಕ್ಟ್ರಿಷಿಯನ್ ಯಾಕೆ ಅಂತ ನಗಬೇಡಿ. ಹೆಡರ್ ಹಾಕಿದ ಮೇಲೆ ಬರುವ ತಕರಾರುಗಳಲ್ಲಿ ಬಹಳಷ್ಟು ನನ್ನ ಹತ್ತಿರವೇ ಬರುತ್ತವೆ.

ಇಲ್ಲಿ ಕೂತಿರೋ ನಮ್ಮಲ್ಲಿ ಇಂಥ ಗಾಡಿ ಕೊಳ್ಳುವವರು ಕಮ್ಮಿ. ಆದರೆ ಅದಕ್ಕೆ ಕೈ ಹಾಕುವವರು ನಾವೇ. ಎಂಜಿನ್ ಹೋದರೆ ಮಾಲೀಕರು ಮೊದಲು ಕೇಳೋದು, "ಯಾರು ಮುಟ್ಟಿದ್ದು?" ಅಂತ. ಅದಕ್ಕೇ ಸಾಮಾನು ಕೊಳ್ಳುವ ಮೊದಲೇ ಸರಿಯಾದ ಮಾತು ಹೇಳಬೇಕು. ಅದು ನಮ್ಮ ಕೆಲಸದ ಭಾಗ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. 2012ರಿಂದ 2015ರವರೆಗಿನ ಷೆವರ್ಲೆ ಕಮಾರೋ ಝೆಡ್‌ಎಲ್1. 6.2 ಲೀಟರ್ ವಿ8 ಎಂಜಿನ್, ಅದರ ತಲೆ ಮೇಲೆ ಬೆಲ್ಟ್‌ನಿಂದ ತಿರುಗುವ ಸೂಪರ್‌ಚಾರ್ಜರ್, 580 ಹಾರ್ಸ್‌ಪವರ್. ಎಂಜಿನ್ನಿಂದ ಹೊಗೆ ಹೊರಬರುವ ಜಾಗದಲ್ಲಿ ಕಂಪನಿಯವರು ಕೂರಿಸಿದ್ದು ಗಿಡ್ಡ ಮ್ಯಾನಿಫೋಲ್ಡ್. ಹೆಡರ್ ಅಂದರೆ ಅದರ ಬದಲು ಒಂದೊಂದು ಸಿಲಿಂಡರಿಗೂ ಒಂದೊಂದು ಪೈಪ್ ಕೊಟ್ಟು, ಕೊನೆಗೆ ನಾಲ್ಕನ್ನೂ ಒಂದೇ ಬಾಯಿಗೆ ಸೇರಿಸುವುದು. ಆ ಬಾಯಿಗೆ ಕಲೆಕ್ಟರ್ ಅಂತಾರೆ.

ಸಾಮಾನ್ಯ ಎಂಜಿನ್ನಿನಲ್ಲಿ ಪೈಪಿನ ಉದ್ದದ ಲೆಕ್ಕ ಬಹಳ ಮುಖ್ಯ. ಹೊರಹೋಗುವ ಹೊಗೆ ಹಿಂದಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳಬೇಕು. ಸೂಪರ್‌ಚಾರ್ಜರ್ ಇದ್ದಾಗ ಗಾಳಿಯನ್ನು ಅದೇ ತಳ್ಳುತ್ತದೆ. ಹಾಗಾಗಿ ಇಲ್ಲಿ ಎಳೆತಕ್ಕಿಂತ ದಾರಿ ಬಿಡುವುದು ಮುಖ್ಯ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್ ಒಳಗೆ ಹೋದರೆ ಹೆಚ್ಚು ಹೊಗೆ ಹೊರಗೆ ಬರಲೇಬೇಕಲ್ಲ. ಇಂಥ ಎಂಜಿನ್ನಿಗೆ 1¾ ಇಂಚಿನ ಪೈಪಿಗಿಂತ 1⅞ ಇಂಚು, 3 ಇಂಚಿನ ಕಲೆಕ್ಟರ್ ಒಳ್ಳೆ ಜೋಡಿ. ಇಂಚಿನ ಎಂಟನೇ ಒಂದು ಭಾಗ ಅಷ್ಟೇ ವ್ಯತ್ಯಾಸ, ಆದರೆ ದಾರಿಯ ವಿಸ್ತಾರ ಸುಮಾರು ಶೇಕಡಾ 15 ಹೆಚ್ಚುತ್ತದೆ. 2 ಇಂಚು ಬೇಕಾಗೋದು ಬೂಸ್ಟ್ ಇನ್ನೂ ಏರಿಸಿ ರೇಸ್ ಟ್ರ್ಯಾಕಿಗೆ ಹೋಗೋರಿಗೆ. ದಿನಾ ಶಾರ್ಜಾ-ದುಬೈ ಟ್ರಾಫಿಕ್ಕಿನಲ್ಲಿ ನಿಲ್ಲುವ ಗಾಡಿಗೆ ಅದರ ಅಗತ್ಯ ಇಲ್ಲ.

ಹೆಡರ್ ಹಾಕಿದ ಮೇಲೆ ತುಂಬ ಜನ ಕೇಳುವ ಪ್ರಶ್ನೆ ಒಂದಿದೆ: "ಬೂಸ್ಟ್ ಗೇಜ್ ಮೊದಲಿಗಿಂತ ಕಮ್ಮಿ ತೋರಿಸ್ತಿದೆ, ಏನು ಹಾಳು ಮಾಡಿದ್ರಿ?" ಊರಲ್ಲಿ ಬೋರ್‌ವೆಲ್ ಮೋಟರ್ ನೋಡಿದವರಿಗೆ ಇದು ಸುಲಭ. ಗೇಟ್ ವಾಲ್ವ್ ಅರ್ಧ ಮುಚ್ಚಿದರೆ ಗೇಜಿನಲ್ಲಿ ಒತ್ತಡ ಏರುತ್ತೆ, ಗದ್ದೆಗೆ ನೀರು ಕಮ್ಮಿ. ಪೂರ್ತಿ ತೆರೆದರೆ ಒತ್ತಡ ಇಳಿಯುತ್ತೆ, ನೀರು ಜಾಸ್ತಿ. ಬೂಸ್ಟ್ ಅನ್ನೋದು ಗಾಳಿಗೆ ಎಷ್ಟು ಅಡ್ಡಿ ಇದೆ ಅನ್ನೋದರ ಅಳತೆ. ಅಡ್ಡಿ ತೆಗೆದರೆ ಅಂಕಿ ಇಳಿಯುತ್ತೆ, ಶಕ್ತಿ ಏರುತ್ತೆ. ಆದರೆ ಬೆಲ್ಟ್ ಜಾರಿದರೂ ಬೂಸ್ಟ್ ಇಳಿಯುತ್ತೆ. ಆದ್ದರಿಂದ ಬೆಲ್ಟ್ ನೋಡಿ, ಆಮೇಲೆ ಉತ್ತರ ಕೊಡಿ.

ಈಗ ನನ್ನ ಕಸುಬಿಗೆ ಬರ್ತೀನಿ. ಜೋರಾಗಿ ಓಡಿಸುವಾಗ ಹೊಗೆಯ ಬಿಸಿ 800-900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಮನೆ ವಯರಿಂಗಿಗೆ ಹಾಕುವ ಸಾಧಾರಣ ಪಿವಿಸಿ ವಯರ್ ತಡೆಯೋದು 70 ಡಿಗ್ರಿ. ಲಾಂಗ್ ಟ್ಯೂಬ್ ಹೆಡರ್‌ನಲ್ಲಿ ಆಕ್ಸಿಜನ್ ಸೆನ್ಸರ್ ಹಿಂದಕ್ಕೆ ಸರಿಯುತ್ತದೆ, ಅದರ ವಯರ್ ಸಾಲುವುದಿಲ್ಲ. ಕೈಗೆ ಸಿಕ್ಕ ತುಂಡು ಕಟ್ಟಿ ಟೇಪ್ ಸುತ್ತಿದರೆ ಅದು ಪೈಪಿಗೆ ತಗುಲಿ ಕರಗುತ್ತೆ, ಫ್ಯೂಸ್ ಹೋಗುತ್ತೆ. ಹೆಡರ್ ಆರ್ಡರ್ ಮಾಡುವಾಗಲೇ ಆ ಗಾಡಿಗೆಂದು ಮಾಡಿದ ಎಕ್ಸ್‌ಟೆನ್ಷನ್ ವಯರ್ ಕೇಳಿ. ಬಿಸಿ ತಡೆಯುವ ಫೈಬರ್‌ಗ್ಲಾಸ್ ಸ್ಲೀವ್ ಹಾಕಿ, ಕ್ಲಿಪ್ಪಿನಿಂದ ದೂರ ಕಟ್ಟಿ. ಸ್ಟಾರ್ಟರ್ ಮೋಟರಿನ ಕೇಬಲ್ ಪಕ್ಕ ಪೈಪ್ ಹೋಗುತ್ತಾ ಅಂತಲೂ ನೋಡಿ. ಬಿಸಿ ಎಂಜಿನ್ ನಿಲ್ಲಿಸಿ ಹತ್ತು ನಿಮಿಷಕ್ಕೆ ಸ್ಟಾರ್ಟ್ ಆಗದಿದ್ದರೆ, ಬ್ಯಾಟರಿ ಬದಲಿಸುವ ಮೊದಲು ಅಲ್ಲಿ ನೋಡಿ.

ಲೋಹದ ವಿಷಯ. 304 ಸ್ಟೇನ್‌ಲೆಸ್ ತುಕ್ಕು ಹಿಡಿಯೋದು ಕಮ್ಮಿ, ಆದರೆ ಬಿಸಿಗೆ ಹೆಚ್ಚು ಹಿಗ್ಗುತ್ತದೆ. ಒಂದು ಮೀಟರ್ ಪೈಪ್ 500 ಡಿಗ್ರಿ ಏರಿದರೆ ಸುಮಾರು 9 ಮಿಲಿಮೀಟರ್ ಉದ್ದವಾಗುತ್ತದೆ. ಅದಕ್ಕೇ ಎಂಜಿನ್ನಿಗೆ ಕೂರುವ ಫ್ಲಾಂಜ್ ದಪ್ಪ ಇರಬೇಕು, ⅜ ಇಂಚು ಇದ್ದರೆ ಒಳ್ಳೆಯದು. ತೆಳುವಾದ ಫ್ಲಾಂಜ್ ಬಾಗುತ್ತೆ, ಗ್ಯಾಸ್ಕೆಟ್ ಸೋರುತ್ತೆ. ಕಮ್ಮಿ ಬೆಲೆಯ ಹೆಡರ್ ತಂದವರಿಗೆ ಪೈಪಿನ ಹೊಳಪು ತೋರಿಸಬೇಡಿ, ಫ್ಲಾಂಜ್ ಮತ್ತು ವೆಲ್ಡಿಂಗ್ ತೋರಿಸಿ.

ಸೋರಿಕೆ ಬರೀ ಸದ್ದಿನ ವಿಷಯ ಅಲ್ಲ. ಸೆನ್ಸರಿಗಿಂತ ಮುಂಚೆ ಸೋರಿದರೆ ಹೊರಗಿನ ಗಾಳಿಯೂ ಒಳಗೆ ಸೇರಿಕೊಳ್ಳುತ್ತೆ. ಸೆನ್ಸರ್ ಆ ಆಕ್ಸಿಜನ್ ನೋಡಿ "ಪೆಟ್ರೋಲ್ ಸಾಲದು" ಅಂತ ಇಸಿಯುಗೆ ಸುಳ್ಳು ಸುದ್ದಿ ಕೊಡುತ್ತೆ, ಅದು ಸುಮ್ಮನೆ ಪೆಟ್ರೋಲ್ ಸುರಿಯುತ್ತೆ. ಇನ್ನೂ ಅಪಾಯದ್ದು ಇದರ ತಿರುವು. ಹೆಡರ್‌ನಿಂದ ಗಾಳಿ ಹೆಚ್ಚಾಗಿ, ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಅದಕ್ಕೆ ತಕ್ಕ ಪೆಟ್ರೋಲ್ ಸಿಗದಿದ್ದರೆ ಪಿಸ್ಟನ್ನೇ ಸುಡಬಹುದು. ಆದ್ದರಿಂದ ಹೆಡರ್ ಹಾಕಿದ ಮೇಲೆ ಡೈನೋ ಮೇಲೆ ನಿಲ್ಲಿಸಿ, ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ಟ್ಯೂನ್ ಮಾಡುವವರೆಗೆ ಜೋರಾಗಿ ಓಡಿಸಬಾರದು. ಹೆಡರ್ ಬೆಲೆ ಹೇಳುವಾಗ ಟ್ಯೂನಿಂಗ್ ಖರ್ಚನ್ನೂ ಸೇರಿಸಿಯೇ ಹೇಳಿ. ದುಡ್ಡು ಸಾಲದಿದ್ದರೆ ಹೆಡರ್ ಮುಂದಿನ ವರ್ಷ ಹಾಕಲಿ.

ಕಾನೂನಿನ ಮಾತೂ ಹೇಳಿಬಿಡ್ತೀನಿ. ಈ ದೇಶದಲ್ಲಿ ಪರವಾನಗಿ ಇಲ್ಲದೆ ಎಂಜಿನ್ ಬದಲಾವಣೆ ಮಾಡಿದರೆ ದಂಡ ಇದೆ. ಗಾಡಿ ಸದ್ದು ಮಾಡಿದರೆ 2,000 ದಿರ್ಹಮ್, 12 ಕಪ್ಪು ಅಂಕ. ಕ್ಯಾಟಲಿಸ್ಟ್ ಕಿತ್ತುಹಾಕಿ ಅಂತ ಯಾರಾದರೂ ಕೇಳಿದರೆ, ಚೆಕ್ ಎಂಜಿನ್ ಲೈಟ್ ಹತ್ತುತ್ತೆ, ಪಾಸಿಂಗ್ ಆಗೋದು ಕಷ್ಟ ಅಂತ ಮೊದಲೇ ಹೇಳಿ.

ಕೊನೆಯದು ನಮಗೋಸ್ಕರ. ಬೇಸಿಗೆಯಲ್ಲಿ ಎಸಿ ತಂಪು ಹೋಗುತ್ತೆ ಅಂತ ಶಟರ್ ಎಳೆದುಕೊಂಡು ಎಂಜಿನ್ ಚಾಲು ಮಾಡಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ತಲೆನೋವು ಬಂತು ಅನ್ನೋಷ್ಟರಲ್ಲಿ ಅದು ರಕ್ತ ಸೇರಿರುತ್ತೆ. ಹೊಸ ಹೆಡರ್‌ನ ಸೋರಿಕೆ ನೋಡುವಾಗಂತೂ ಶಟರ್ ಪೂರ್ತಿ ಮೇಲಿರಲಿ. ಗಾಡಿ ಯಾರದೋ, ಉಸಿರು ನಮ್ಮದು. ಊರಲ್ಲಿ ನಮ್ಮನ್ನು ಕಾಯೋರು ಇದ್ದಾರೆ.

ಪ್ರಶ್ನೆ ಇದ್ದರೆ ಊಟದ ಹೊತ್ತಲ್ಲಿ ಕೇಳಿ.