ಹೊಸಪೇಟೆಯ ಸ್ಟೇಷನ್ ಯಾರಿಗಾಗಿ?

(ಕಮಲಾಪುರದ ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕಮಲಾಪುರಕ್ಕೆ ರೈಲಿಲ್ಲ. ಹಂಪಿಗೂ ಇಲ್ಲ. ಬೆಂಗಳೂರಿಗೆ ಕೂಲಿಗೆ ಹೋಗುವವನಾಗಲಿ, ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವ ರೋಗಿಯಾಗಲಿ, ವಿರೂಪಾಕ್ಷನ ದರ್ಶನಕ್ಕೆ ದೂರದಿಂದ ಬರುವ ಯಾತ್ರಿಕನಾಗಲಿ, ರೈಲು ಬೇಕೆಂದರೆ ಹೊಸಪೇಟೆಯ ಸ್ಟೇಷನ್ನಿಗೇ ಬರಬೇಕು. ಆದ್ದರಿಂದ ಆ ಸ್ಟೇಷನ್ ಹೊಸಪೇಟೆಯ ಸೊತ್ತಾದಷ್ಟೇ ನಮ್ಮ ಸೊತ್ತೂ ಹೌದು. ಅದರ ವಿಚಾರವನ್ನು ಈ ಊರಿನಲ್ಲಿ ಎತ್ತುವ ಹಕ್ಕು ನಮಗಿದೆ.

ಆ ಸ್ಟೇಷನ್ನಿಗೆ ಈಗ ಹೊಸ ರೂಪ ಬಂದಿದೆ. ಹಂಪಿಯ ಗುಡಿ ಮಂಟಪಗಳ ಹೋಲಿಕೆಯಲ್ಲಿ ಅದನ್ನು ನವೀಕರಿಸಿ, 2023ರ ಮಾರ್ಚ್ 12ರಂದು ಪ್ರಧಾನಮಂತ್ರಿಗಳು ರಾಷ್ಟ್ರಕ್ಕೆ ಅರ್ಪಿಸಿದರು. ಹುಬ್ಬಳ್ಳಿಯ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ ಅರ್ಪಣೆಯಾದದ್ದೂ ಅಂದೇ. 530 ಕೋಟಿ ರೂಪಾಯಿಗೂ ಮಿಕ್ಕ ವೆಚ್ಚದಲ್ಲಿ ಹೊಸಪೇಟೆಯಿಂದ ಹುಬ್ಬಳ್ಳಿಯ ಮೇಲೆ ತಿನೈಘಾಟ್‌ವರೆಗೆ ಹಳಿಗಳಿಗೆ ವಿದ್ಯುತ್ತೂ ಬಂತು. ಇವನ್ನೆಲ್ಲ ನಾವು ಹಳಿಯುವುದಿಲ್ಲ. ಬಡವನ ಕಣ್ಣಿಗೂ ಚೆಲುವು ಬೇಕು. ಅವನು ಹೋಗುವ ಸ್ಟೇಷನ್ ಹೊಲಸಾಗಿಯೇ ಇರಲಿ ಎಂದು ಹೇಳುವವನು ಬಡವರ ಬಂಧುವಲ್ಲ.

ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಸ್ಟೇಷನ್ನಿನ ಮುಖ ಹಂಪಿಯಂತಾಯಿತು, ಒಳಗೆ ಬರುವ ಜನರ ಪಾಡು ಏನಾಯಿತು? ಈ ಪ್ರಶ್ನೆಗೆ ಉತ್ತರ ಬೇಕಾದರೆ ಈ ಹಳಿಯ ಚರಿತ್ರೆಯನ್ನು ಸ್ವಲ್ಪ ತಿಳಿಯಬೇಕು.

1876ರಿಂದ 78ರವರೆಗೆ ನಮ್ಮ ಸೀಮೆಯಲ್ಲಿ ದೊಡ್ಡ ಬರ ಬಿತ್ತು. ನಮ್ಮ ಹಿರಿಯರು ಅದನ್ನು ಧಾತು ಈಶ್ವರ ಬರವೆಂದು ಕರೆದರು. ಮದರಾಸು ಪ್ರಾಂತದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಗಾಡಿ ಎಳೆಯುವ ಎತ್ತುಗಳೂ ಮೇವಿಲ್ಲದೆ ಸತ್ತವು. ಬಿಳಿಯ ಸರ್ಕಾರ ಕಳಿಸಿದ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರಲ್ಲಿ ಬರಗಾಲದ ಕೆಲಸಗಾರನ ದಿನದ ಕಾಳನ್ನು ಒಂದು ಪೌಂಡಿಗೆ ಇಳಿಸಿದ. ಕಲ್ಲು ಒಡೆದು ರಸ್ತೆ ಹಾಕುವ ಆಳಿಗೆ ಅರ್ಧ ಕಿಲೋದಷ್ಟೂ ಇಲ್ಲದ ಕಾಳು!

ಆ ಸಾವುಗಳ ತರುವಾಯ, 1880ರ ಬರಗಾಲದ ಆಯೋಗ ಒಳನಾಡಿಗೆ ಹಳಿ ಹಾಕಬೇಕೆಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿಗಳನ್ನು ಕೂಡಿಸುವ ಮೀಟರ್‌ಗೇಜ್ ದಾರಿ ಆ ದಶಕದಲ್ಲಿ ಬಂತು. ಹಸಿದವನಿಗೆ ಕಾಳು ಮುಟ್ಟಿಸಬೇಕೆಂಬ ಮಾತಿನ ಮೇಲೆ ಹಾಕಿದ ಹಳಿ ಇದು.

ಆದರೆ ಅದೇ ಬರಗಾಲದಲ್ಲಿ ಹಿಂದುಸ್ಥಾನದಿಂದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತೆಂಬುದನ್ನೂ ಮರೆಯಬಾರದು. ಊರಿಗೆ ಕಾಳು ತರುವ ಹಳಿಯೇ ಊರಿನ ಕಾಳನ್ನು ಹೊರಗೆ ಒಯ್ಯಬಲ್ಲದು. ಹಳಿಗೆ ದಯೆಯೂ ಇಲ್ಲ, ಹಗೆಯೂ ಇಲ್ಲ. ಅದು ಯಾರ ಕೈಯಲ್ಲಿದೆಯೋ ಅವರ ಕೆಲಸ ಮಾಡುತ್ತದೆ.

ಸ್ವತಂತ್ರ ಭಾರತದಲ್ಲಿ ಏನಾಯಿತು? 1951ರಲ್ಲಿ ಈ ದಾರಿ ಸರ್ಕಾರದ ದಕ್ಷಿಣ ರೈಲ್ವೆಗೆ ಸೇರಿತು. 2003ರಲ್ಲಿ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಬಂತು. 1990ರ ದಶಕದಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಆಯಿತು. ಸಂಡೂರಿನ ಗುಡ್ಡಗಳ ಅದಿರಿಗೆ ಗುಂಡಾ ರೋಡಿನಿಂದ ಸ್ವಾಮಿಹಳ್ಳಿಯವರೆಗೆ ಹಳಿ ಇದೆ. ಆದರೆ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರಿಗೆ ಹೋಗುವ ಹಳೆಯ ದಾರಿಯಲ್ಲಿ ಜನ ಹತ್ತುವ ಗಾಡಿ ನಿಂತುಹೋಗಿ ವರ್ಷಗಟ್ಟಲೆ ಬರಲೇ ಇಲ್ಲ. ಆ ಭಾಗದ ಜನ ಅರ್ಜಿ ಕೊಟ್ಟರು, ಧರಣಿ ಕೂತರು. ಕೊನೆಗೆ ಹೊಸಪೇಟೆ, ಕೊಟ್ಟೂರು, ಹರಿಹರದ ಪ್ಯಾಸೆಂಜರ್ ಗಾಡಿ ಹೊರಟದ್ದು 2019ರಲ್ಲಿ. ಅದಿರು ಅರ್ಜಿ ಕೊಡಲಿಲ್ಲ, ಧರಣಿ ಕೂರಲಿಲ್ಲ. ಆದರೂ ಅದಕ್ಕೆ ಗಾಡಿ ಸಿಕ್ಕಿತು. ಇದರ ಅರ್ಥವನ್ನು ನಾವು ಬಿಡಿಸಿ ಹೇಳಬೇಕೆ?

ಇನ್ನು ಹಂಪಿಯ ಹೋಲಿಕೆಯ ಮಾತು. ಹಂಪಿಯನ್ನು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. 2011ರ ಜುಲೈನಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಬಾಳುತ್ತಿದ್ದ ನೂರಾರು ಕುಟುಂಬಗಳನ್ನು ಎಬ್ಬಿಸಿ ಅಂಗಡಿ ಮನೆಗಳನ್ನು ಕೆಡವಿದರು. ಕಲ್ಲನ್ನು ಕಾಪಾಡಬೇಕೆಂಬುದರಲ್ಲಿ ನಮಗೆ ತಕರಾರಿಲ್ಲ. ಆದರೆ ಹಂಪಿಯೆಂದರೆ ಕಲ್ಲು ಮಾತ್ರವಲ್ಲ. ರಾಯಕಾಲುವೆಯನ್ನು ತೋಡಿದವರ, ಇಂದಿಗೂ ಅದರ ನೀರಿನಲ್ಲಿ ಬಾಳೆ ಕಬ್ಬು ಬೆಳೆಯುವವರ ಊರು ಅದು. ಆ ಜನಕ್ಕೆ ನೆರಳು ಸಿಗದಿದ್ದರೆ ಸ್ಟೇಷನ್ನಿನ ಮುಂದೆ ಎಷ್ಟು ಕಂಬ ನಿಲ್ಲಿಸಿ ಏನು ಫಲ?

ಹೆಸರು ಬದಲಿಸಿದರೆ ಬಾಳು ಬದಲಾಯಿತೆಂದು ತಿಳಿಯುವ ಚಾಳಿ ಆಳುವವರಿಗೆ ಹಳೆಯದು. 1974ರಲ್ಲಿ ಮೂರನೆಯ ತರಗತಿಯನ್ನು ರದ್ದು ಮಾಡಿದರು. 1917ರಲ್ಲಿ ಗಾಂಧೀಜಿ ಆ ತರಗತಿಯ ಯಾತನೆಯನ್ನು ಕುರಿತು ಬರೆದಿದ್ದರು. ಇಂದು ಹಬ್ಬದ ದಿನ ಜನರಲ್ ಬೋಗಿಯ ಬಾಗಿಲಲ್ಲಿ ಜೋತುಬಿದ್ದವನನ್ನು ಕೇಳಿ, ಮೂರನೆಯ ತರಗತಿ ಹೋಯಿತೇ ಎಂದು. 2016ರಲ್ಲಿ ಕೂಲಿಗಳಿಗೆ ಸಹಾಯಕರೆಂದು ಹೆಸರಿಟ್ಟರು. ತಲೆಯ ಮೇಲಿನ ಹೊರೆ ಅದರಿಂದ ಹಗುರಾಗಲಿಲ್ಲ. ಆ ವರ್ಷದ ರೈಲ್ವೆ ಬಜೆಟ್ಟೇ ಕೊನೆಯದು. 1924ರಿಂದ ಬಂದ ಪ್ರತ್ಯೇಕ ಬಜೆಟ್ 2017ರಿಂದ ಇಲ್ಲವಾಯಿತು. ವರ್ಷಕ್ಕೊಮ್ಮೆ ರೈಲ್ವೆಯ ಮಾತನ್ನೇ ಹಿಡಿದು ಪಾರ್ಲಿಮೆಂಟಿನಲ್ಲಿ ನಡೆಯುತ್ತಿದ್ದ ಆ ವಿಚಾರಣೆಯೂ ಅದರೊಡನೆ ಕುಗ್ಗಿತು. 2020ರ ಮಾರ್ಚ್‌ನಲ್ಲಿ ಮುದುಕರ ಟಿಕೆಟ್ ರಿಯಾಯಿತಿಯನ್ನು ನಿಲ್ಲಿಸಿದರು. ಅದುವರೆಗೆ ಹೆಂಗಸರಿಗೆ ನೂರಕ್ಕೆ 50, ಗಂಡಸರಿಗೆ 40 ಬಿಡುತ್ತಿದ್ದರು.

ಹೀಗಿರುವಾಗ ನಾವು ಕೇಳುವುದೇನು? ಆಕಾಶಕ್ಕೆ ಏಣಿ ಹಾಕಿ ಎನ್ನುವುದಿಲ್ಲ. ಜನರಲ್ ಬೋಗಿಗಳನ್ನು ಹೆಚ್ಚಿಸಿ. ಮುದುಕರ ರಿಯಾಯಿತಿಯನ್ನು ಮರಳಿ ಕೊಡಿ. ಕುಡಿಯುವ ನೀರು, ಕಕ್ಕಸು, ರಾತ್ರಿ ತಂಗುವ ಜಾಗ ಕಾಸಿಲ್ಲದವನಿಗೂ ದೊರೆಯುವಂತಿರಲಿ. ಹೊತ್ತು ಮೀರಿ ಬರುವ ಗಾಡಿಗಳಿಗೆ ಕಮಲಾಪುರ, ಕಂಪ್ಲಿಗಳ ಸರ್ಕಾರಿ ಬಸ್ಸು ಸ್ಟೇಷನ್ನಿನ ಬಾಗಿಲಲ್ಲೇ ಕಾದಿರಲಿ. ಟಿಕೆಟ್ಟಿನ ಕಿಟಕಿಯಲ್ಲಿ ಕನ್ನಡ ಬಲ್ಲವರು ಕೂರಲಿ. ಹಂಪಿಯ ಹೋಲಿಕೆಯ ಗೋಡೆಯ ಮೇಲೆಯೇ ಒಂದು ಕನ್ನಡ ಫಲಕ ಹಾಕಿ, ಧಾತು ಈಶ್ವರ ಬರದ ಕತೆಯನ್ನೂ ಕಲ್ಲು ಮಣ್ಣು ಹೊತ್ತು ಈ ಹಳಿ ಹಾಕಿದ ಹೆಸರಿಲ್ಲದ ಕೂಲಿಗಳ ಕತೆಯನ್ನೂ ಬರೆಯಲಿ. ಅರಸರ ನೆನಪಿಗೆ ಗೋಪುರವಿದೆ. ದುಡಿದವರ ನೆನಪಿಗೆ ಒಂದು ಫಲಕವಾದರೂ ಬೇಡವೇ?

ಬಂಧುಗಳೆ, ಕೊಟ್ಟೂರಿನ ಗಾಡಿ ಯಾರ ಕೃಪೆಯಿಂದಲೂ ಬಂದದ್ದಲ್ಲ. ಜನ ಬಿಡದೆ ಕೇಳಿದ್ದರಿಂದ ಬಂತು. ಈ ಬೇಡಿಕೆಗಳನ್ನು ಬರೆದ ಮನವಿ ಇಲ್ಲಿದೆ. ಇದನ್ನು ಹುಬ್ಬಳ್ಳಿಯ ರೈಲ್ವೆ ಕಚೇರಿಗೆ ಒಯ್ಯುತ್ತೇವೆ. ಸಹಿ ಬಲ್ಲವರು ಸಹಿ ಹಾಕಿ, ಬಾರದವರು ಹೆಬ್ಬೆಟ್ಟು ಒತ್ತಿ. ಹೆಬ್ಬೆಟ್ಟಿನ ಬೆಲೆ ಸಹಿಗಿಂತ ಕಡಿಮೆಯೆಂದು ಯಾವ ಕಾನೂನೂ ಹೇಳಿಲ್ಲ.