ಕೈ ಎತ್ತುವ ಮೊದಲು



ಸಭೆಯೆಂದರೆ ಮುಂದಾಳು ಮಾತಾಡುವುದು, ಉಳಿದವರು ಚಪ್ಪಾಳೆ ತಟ್ಟಿ ಕೈ ಎತ್ತುವುದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹೋಟೆಲಿನಲ್ಲಿ ಬೆಳೆದ ನಮಗೆ ಈ ಅಭ್ಯಾಸ ಬೇಗ ಅಂಟುತ್ತದೆ. ಗಲ್ಲೆಯಿಂದ ಹುಕುಂ ಬಂತು, ‘ಆಯ್ತು ಧಣಿ’ ಎಂದೆವು, ತೀರಿತು. ಸಂಘಕ್ಕೆ ಬಂದ ಮೇಲೂ ಧಣಿಯ ಜಾಗದಲ್ಲಿ ಕಾರ್ಯದರ್ಶಿಯನ್ನು ಕೂರಿಸಿಕೊಂಡರೆ ನಮಗಾದ ಲಾಭವೇನು?

ಈ ಮುಂಬಯಿಯಲ್ಲೇ ನಾರಾಯಣ ಮೇಘಾಜಿ ಲೋಖಂಡೆಯವರಿದ್ದರು. ಗಿರಣಿಯ ಉಗ್ರಾಣದಲ್ಲಿ ದುಡಿದವರು. 1884ರಲ್ಲಿ ಅವರು ಗಿರಣಿ ಕೆಲಸಗಾರರ ಸಭೆ ಕರೆದರು. ಭಾನುವಾರದ ರಜೆ, ನಡುಹಗಲಲ್ಲಿ ಅರ್ಧ ಗಂಟೆ ವಿರಾಮ ಮೊದಲಾದ ಬೇಡಿಕೆಗಳ ಅರ್ಜಿಗೆ ಸುಮಾರು 5,500 ಮಂದಿಯ ರುಜು ಬಿತ್ತು. 1890ರ ಏಪ್ರಿಲ್ ಸಭೆಯಲ್ಲಂತೂ ಇಬ್ಬರು ಕೂಲಿ ಹೆಂಗಸರೇ ಎದ್ದು ಮಾತಾಡಿದರು. ಆ ಕಾಲದಲ್ಲಿ! ನಮ್ಮ ಸಭೆಗೆ ಬರುವ ಪಾತ್ರೆ ತೊಳೆಯುವ ಅಕ್ಕಂದಿರು ಇಂದಿಗೂ ಹಿಂದಿನ ಬೆಂಚಿನಲ್ಲಿ ಕೂತು, ಸುಮ್ಮನೆ ಎದ್ದು ಹೋಗುತ್ತಾರೆ. ಅದೇ ವರ್ಷದ ಜೂನ್ 10ರಂದು ಮಾಲೀಕರ ಸಂಘ ವಾರದ ರಜೆಗೆ ಒಪ್ಪಿತು.

ನಮ್ಮ ಕೋಣೆಯಲ್ಲಿ ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಎಲ್ಲರಿಗಿಂತ ಹೊಸಬ ಮೊದಲು ಮಾತಾಡಬೇಕು, ಕಾರ್ಯದರ್ಶಿ ಕೊನೆಗೆ. ಅವರು ಮೊದಲು ಬಾಯಿಬಿಟ್ಟರೆ ‘ಅಣ್ಣ ಹೇಳಿದ್ದೇ ಸರಿ’ ಎಂಬಲ್ಲಿಗೆ ಸಭೆ ಮುಗಿಯಿತು. ತುಳುವಿನಲ್ಲಾಗಲಿ ಕುಂದಾಪುರದ ಮಾತಿನಲ್ಲಾಗಲಿ ಹೇಳಲಿ, ಬರೆದುಕೊಳ್ಳುವವರು ಬರೆದುಕೊಳ್ಳುತ್ತಾರೆ.

ಓವರ್‌ಟೈಮಿನ ಲೆಕ್ಕವನ್ನೇ ನೋಡಿ. ‘ಅಣ್ಣಾ, ನನಗೆಷ್ಟು ಬರಬೇಕು?’ ಎಂದು ಹುಡುಗನೊಬ್ಬ ಕೇಳುತ್ತಾನೆ. ಒಂದು ನಿಮಿಷದಲ್ಲಿ ನಾವೇ ಹೇಳಬಹುದು, ಹೇಳುವುದಿಲ್ಲ. ಪೆನ್ಸಿಲು ಅವನ ಕೈಗೆ ಕೊಡುತ್ತೇವೆ. ಮಹಾರಾಷ್ಟ್ರದ 2017ರ ಅಂಗಡಿ ಕಾಯಿದೆಯಂತೆ ವಾರದ ಮಿತಿ 48 ಗಂಟೆ, ಮೀರಿದ್ದಕ್ಕೆ ಇಮ್ಮಡಿ ಕೂಲಿ. ಗಂಟೆಗೆ 60 ರೂಪಾಯಿಯವನು 57 ಗಂಟೆ ದುಡಿದರೆ 9 ಗಂಟೆ ಹೆಚ್ಚಾಯಿತು. 120ರಂತೆ 1,080 ರೂಪಾಯಿ. ರಾತ್ರಿ ಮೋರಿ ತೊಳೆದು ಬಂದವನಿಗೆ ಕಣ್ಣು ಕೂರುತ್ತಿರುತ್ತದೆ, ತಡವಾಗುತ್ತದೆ, ನಿಜ. ಆದರೆ ನಾವು ಬರೆದುಕೊಟ್ಟ ಅಂಕಿ ಧಣಿಯ ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತದೆ. ತಾನೇ ಕೂಡಿಸಿದ ಅಂಕಿಯನ್ನು ಅವನು ಬಿಡುವುದಿಲ್ಲ. ಲೆಕ್ಕ ಮಾಡುತ್ತ ಮಾಡುತ್ತ, ‘ನಮ್ಮ ಹೋಟೆಲಿಗೆ ಈ ಕಾಯಿದೆ ತಗಲುತ್ತದೆಯೇ?’ ಎಂದೂ ಕೇಳುತ್ತಾನೆ. ಒಳ್ಳೆಯ ಪ್ರಶ್ನೆ. ಅದು ದುಡಿಯುವವರ ಸಂಖ್ಯೆಯ ಮೇಲೆ ನಿಂತಿದೆ. 2017ರಲ್ಲಿ 10 ಮಂದಿ ಎಂದಿತ್ತು. ಈಗ ಎಷ್ಟೆಂದು ಇಬ್ಬರು ಲೇಬರ್ ಆಫೀಸಿಗೆ ಹೋಗಿ ವಿಚಾರಿಸಿ ಬರಲಿ.

ಹುಡುಗನ ಹಾಸಿಗೆಯನ್ನು ನಡುರಾತ್ರಿ ಬೀದಿಗೆ ಎಸೆದಾಗ ಚರ್ಚೆಗೆ ಕೂರಲಾಗದು, ಯಾರಾದರೊಬ್ಬರು ಓಡಲೇಬೇಕು. ಯಾಕೆ ಓಡಿದರು, ಏನು ಮಾತಾಡಿ ಬಂದರು ಎಂಬುದನ್ನು ಮಾರನೆಯ ಸಭೆಯಲ್ಲಿ ಒಪ್ಪಿಸಲಿ.

ಬೇಡಿಕೆಯ ಕರಡನ್ನು ಇಂದು ಹಂಚುತ್ತಿದ್ದೇವೆ. ಕೆಳಗಿನ ಅರ್ಧ ಪುಟ ಖಾಲಿ ಬಿಟ್ಟಿದ್ದೇವೆ. ಓದುಬಾರದವರಿಗೆ ಜೊತೆಯವರು ಓದಿ ಹೇಳಿ, ನಾವು ಬಿಟ್ಟದ್ದನ್ನು ಬರೆದು ಮುಂದಿನ ಸಭೆಗೆ ತನ್ನಿ.