ಕತ್ತಿಯ ಊರಿನ ಗಿಡುಗಗಳು

ಜಪಾನಿನ ಮೇಯಿಜಿ ಯುಗದ ಅಲಂಕಾರ ಶಿಲ್ಪಗಳಲ್ಲಿ ಹಕ್ಕಿಗಳದೇ ಒಂದು ದೊಡ್ಡ ಬಳಗ. ನವಿಲು, ಕೊಕ್ಕರೆ, ಹುಂಜ, ಹದ್ದು ಕಂಚಿನಲ್ಲಿ ಮೈದಾಳಿ, ಹಡಗೇರಿ, ಯೂರೋಪು ಅಮೆರಿಕಗಳ ದಿವಾನಖಾನೆಗಳನ್ನು ಸೇರಿದವು. ಅವುಗಳನ್ನು ಬರಿಯ ಮನೆಯ ಶೋಭೆಯೆಂದು ತಳ್ಳಿಹಾಕುವ ವಿಮರ್ಶಕರುಂಟು. ಆ ಮಾತನ್ನು ನಾನು ಒಪ್ಪಲಾರೆ.

1876ರಲ್ಲಿ ಅಲ್ಲಿನ ಸರ್ಕಾರ, ಸೈನಿಕರು, ಪೊಲೀಸರು ಮತ್ತು ಆಸ್ಥಾನದ ಉಡುಪು ತೊಟ್ಟವರ ಹೊರತು ಯಾರೂ ಕತ್ತಿ ಧರಿಸಕೂಡದೆಂದು ಆಜ್ಞೆ ಹೊರಡಿಸಿತು. ಸಾಮುರಾಯಿಗಳ ಸೊಂಟ ಬರಿದಾಯಿತು. ಅವರ ಕತ್ತಿಯ ಹಿಡಿ, ಒರೆಗಳನ್ನು ಸಿಂಗರಿಸಿ ತಲೆಮಾರುಗಳಿಂದ ಬದುಕಿದ್ದ ಲೋಹಕಾರರ ಅನ್ನವೂ ಹೋಯಿತು. ಉಳಿದದ್ದು ಕೈಯ ವಿದ್ಯೆ. ಅದನ್ನು ಕೊಳ್ಳುವವರು ಇನ್ನು ಕಡಲಾಚೆಯವರು.

ಆ ವಿದ್ಯೆ ಸಾಮಾನ್ಯವಾದುದಲ್ಲ. ತಾಮ್ರಕ್ಕೆ ನೂರರಲ್ಲಿ ಕೆಲವೇ ಪಾಲು ಚಿನ್ನ ಬೆರೆಸಿದರೆ ‘ಶಕುದೊ’. ಹೊಳಪು ಹೆಚ್ಚಬೇಕಲ್ಲವೆ? ಇಲ್ಲ, ತಕ್ಕ ದ್ರಾವಣದಲ್ಲಿ ಕುದಿಸಿದಾಗ ಅದು ನೀಲಿಗಪ್ಪಾಗುತ್ತದೆ, ಕಾಗೆಯ ರೆಕ್ಕೆಯಂತೆ. ಬೆಳ್ಳಿ ಬೆರೆತ ‘ಶಿಬುಇಚಿ’ ಬೂದಿಯ ಬಣ್ಣ ತಾಳುತ್ತದೆ. ಬಣ್ಣ ಬಳಿಯುವ ಮಾತೇ ಇಲ್ಲ. ಲೋಹದ ಮೈಯೇ ಬಣ್ಣಗೊಳ್ಳುತ್ತದೆ. ಬಿದರಿಯ ಕಪ್ಪನ್ನು ಕಂಡ ನಮಗೆ ಇದರ ಸೊಗಸು ಬೇಗ ತಿಳಿದೀತು, ಅಲ್ಲಿ ಬೆರಕೆಯೂ ಕ್ರಮವೂ ಬೇರೆಯಾದರೂ.

ಈ ವಿದ್ಯೆಯನ್ನು ಹಕ್ಕಿಗೆ ತಿರುಗಿಸಿದವರಲ್ಲಿ ಅಗ್ರಗಣ್ಯ ಸುಜುಕಿ ಚೊಕಿಚಿ. 1848ರಲ್ಲಿ ಹುಟ್ಟಿದ ಈತ ಮೇಣದೆರಕದಲ್ಲಿ ಪಳಗಿದವನು. ಪ್ಯಾರಿಸ್ಸಿನಲ್ಲಿ ಕಲಾವ್ಯಾಪಾರಿಯಾಗಿದ್ದ ಹಾಯಾಶಿ ತಾದಾಮಾಸ ಬೆಂಬಲವಿತ್ತ. ಸುಜುಕಿ ನಿಜವಾದ ಗಿಡುಗಗಳನ್ನು ಸಾಕಿ, ಅವುಗಳ ಚಲನವಲನಗಳನ್ನು ನೋಡಿ ಕಲಿತ. ಹೀಗೆ ಸಿದ್ಧವಾದ ‘ಹನ್ನೆರಡು ಗಿಡುಗಗಳು’ 1893ರ ಷಿಕಾಗೊ ಪ್ರದರ್ಶನದಲ್ಲಿ ಸಾಲಾಗಿ ಕುಳಿತವು. ಒಂದು ರೆಕ್ಕೆ ಬಿಚ್ಚಿದೆ, ಇನ್ನೊಂದು ಕತ್ತು ಬಾಗಿಸಿದೆ. ಎರಡು ಒಂದೇ ಭಂಗಿಯಲ್ಲಿಲ್ಲ.

ಗಿಡುಗವನ್ನೇ ಏಕೆ ಆರಿಸಿದರು? ಗಿಡುಗದ ಬೇಟೆ ಷೋಗನ್ನರ, ದೊರೆಗಳ ವಿನೋದವಾಗಿತ್ತು. ತೊಕುಗಾವ ಇಯೆಯಾಸುವಿಗೆ ಅದೊಂದು ಹುಚ್ಚು. ಆ ದೊರೆತನ ಅಳಿದು ಕಾಲು ಶತಮಾನ ಕಳೆದಿತ್ತು. ಯಜಮಾನನಿಲ್ಲದ ಹಕ್ಕಿಯನ್ನು, ಯಜಮಾನನಿಲ್ಲದ ವಿದ್ಯೆ ಪರದೇಶದ ಸಂತೆಗೆಂದು ಕಡೆದು ನಿಲ್ಲಿಸಿತು.

ಸುಜುಕಿ 1919ರಲ್ಲಿ ತೀರಿಕೊಂಡ. ಗಿಡುಗಗಳನ್ನು ಜಪಾನು ‘ಮಹತ್ತ್ವದ ಸಾಂಸ್ಕೃತಿಕ ಸಂಪತ್ತು’ ಎಂದು ಸಾರಿದ್ದು 2019ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ. ಈಗ ಅವು ಕಾನಜಾವದ ರಾಷ್ಟ್ರೀಯ ಕರಕುಶಲ ಸಂಗ್ರಹಾಲಯಕ್ಕೆ ಸೇರಿವೆ, ಬೇಟೆಗೆ ಹೊರಡುವ ಮುನ್ನ ಕಟ್ಟಿದಂತೆಯೇ ಅಡ್ಡದಂಡಕ್ಕೆ ಹಗ್ಗ ಬಿಗಿಸಿಕೊಂಡು.